ಹುಬ್ಬಳ್ಳಿಗೆ ನೂರು ಕಿಲೋಮೀಟರು

ಘಟ್ಟದ ಮೇಲಿನವರಾದ ನಮಗೆ ಸೈಕಲ್ಲು ಅಷ್ಟೇನೂ ಒಗ್ಗಿದ ವಾಹನವಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕುಗಳಲ್ಲಿ ಎತ್ತ ಹೊರಟರೂ ಒಂದೋ ಏರು, ಇಲ್ಲವೇ ಇಳುಕಲು. ಇಳಿಯುವಾಗ ಸೈಕಲ್ಲು ನಮ್ಮನ್ನು ಹೊರುತ್ತದೆ, ಏರುವಾಗ ನಾವು ಅದನ್ನು ನೂಕುತ್ತೇವೆ. ಲೆಕ್ಕ ಚುಕ್ತಾ ಆಯಿತು ಅನ್ನಿ. ನಾನು ಚಿಕ್ಕವಳಿದ್ದಾಗ ಪೇಟೆಯಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುವ ಅಂಗಡಿಗಳಿದ್ದವು. ಅಣ್ಣಂದಿರು ತಂದ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಮೊಣಕಾಲು ತರಚಿಕೊಂಡು ಬರುತ್ತಿದ್ದರು. ನಾವು ಹುಡುಗಿಯರು ಅರಿಸಿನ ಹಚ್ಚುವ ಕೆಲಸಕ್ಕಿದ್ದೆವು.

ಹೆಣ್ಣುಮಕ್ಕಳು ನಮ್ಮ ಹಳ್ಳಿ ರಸ್ತೆಗಳಲ್ಲಿ ಗುಂಪುಗುಂಪಾಗಿ ಸೈಕಲ್ ಹೊಡೆಯುವುದನ್ನು ನಾನು ಕಂಡದ್ದು 2006-07ರ ನಂತರ. ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದದ್ದು ಆಗ. ಕೋವಿಡ್ ಬಂದ ಮೇಲೆ ಅದು ನಿಂತಿತು. ನಡೆದಷ್ಟು ವರ್ಷ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಆ ಸೈಕಲ್ಲುಗಳನ್ನು ನೋಡುವುದೇ ನನಗೊಂದು ಸಂತೋಷವಾಗಿತ್ತು. ಬ್ರೇಕು ಸರಿಯಿಲ್ಲ, ಚೈನು ಕಳಚುತ್ತದೆ ಎಂಬ ದೂರುಗಳಿದ್ದವು. ಆದರೂ ನಾಲ್ಕೈದು ಕಿಲೋಮೀಟರು ನಡೆದು ಬರುತ್ತಿದ್ದ ಹುಡುಗಿಯರು ಮೊದಲ ಪಿರಿಯಡ್ಡಿಗೆ ಹಾಜರಿರತೊಡಗಿದರು.

ಆ ಕಾಲದ್ದೇ ಮಾತು. ಮಳೆಗಾಲ ಕಳೆದು ರಸ್ತೆ ಒಣಗಿತೆಂದರೆ ದೂರದ ಊರುಗಳ ಸೈಕಲ್ ಸವಾರರು ನಮ್ಮ ಕಡೆ ಬರುವುದುಂಟು. ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ, ಹಗುರಾದ ಸೈಕಲ್ಲು. 2008ರ ಡಿಸೆಂಬರಿನಲ್ಲಿ ಬೆಂಗಳೂರಿನ ಉತ್ಸಾಹಿಗಳು 'ಟೂರ್ ಆಫ್ ನೀಲಗಿರೀಸ್' ಎಂಬ ದೂರದ ಸವಾರಿಯನ್ನು ಆರಂಭಿಸಿದ ಮೇಲೆ ಇಂಥ ತಂಡಗಳು ಹೆಚ್ಚಾದವೆಂದು ನನ್ನ ಅಂದಾಜು. ಒಮ್ಮೆ ನಮ್ಮ ಶಾಲೆಯ ಎದುರು ಹಾದುಹೋದ ಒಂದು ತಂಡದವರ ಅಂಗಿಯ ಬೆನ್ನ ಮೇಲೆ ಕ್ಯಾನ್ಸರ್ ಜಾಗೃತಿಯ ಬರಹವಿತ್ತು. ಮಕ್ಕಳೆಲ್ಲ ಗೇಟಿಗೆ ಓಡಿ ಕೈಬೀಸಿದರು. ತರಗತಿಗೆ ಮರಳಿದ ಮೇಲೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಅಕ್ಕೋರೇ, ಅವ್ರು ಸೈಕಲ್ ಹೊಡೆದ್ರೆ ಆಸ್ಪತ್ರೇಲಿ ಇದ್ದವ್ರ ಕ್ಯಾನ್ಸರ್ ಹೆಂಗೆ ವಾಸಿ ಆಗ್ತದೆ?"

ಪ್ರಶ್ನೆ ಸಣ್ಣದಲ್ಲ. ಸಮಾಜ ವಿಜ್ಞಾನದ ಅಕ್ಕೋರಾದ ನನಗೆ ಇದಕ್ಕೆ ಇತಿಹಾಸದಿಂದಲೇ ಉತ್ತರ ಹುಡುಕಬೇಕೆನ್ನಿಸಿತು. ಅಲ್ಲಿಂದೀಚೆಗೆ ಓದಿ ಕೂಡಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಆರಂಭವಾಗುವುದು ಸೈಕಲ್ಲಿನಿಂದಲ್ಲ, ಒಬ್ಬ ಹುಡುಗನಿಂದ. ಅಮೆರಿಕದ ಈಶಾನ್ಯದ ತುದಿಯಲ್ಲಿ ಮೇನ್ ಎಂಬ ರಾಜ್ಯವಿದೆ. ಕಾಡು, ಚಳಿ, ಆಲೂಗಡ್ಡೆ ಹೊಲಗಳ ಸೀಮೆ. ಅಲ್ಲಿನ ರೈತನ ಮಗ ಐನಾರ್ ಗುಸ್ತಾಫ್‌ಸನ್ ಎಂಬ ಹನ್ನೆರಡು ವರ್ಷದ ಹುಡುಗನಿಗೆ ಹೊಟ್ಟೆಯೊಳಗೆ ಕ್ಯಾನ್ಸರ್ ಆಯಿತು. ಊರಿನಿಂದ ಬಲುದೂರದ ಬಾಸ್ಟನ್ ನಗರಕ್ಕೆ ಕರೆತಂದರು. ಅಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ಮಕ್ಕಳ ರಕ್ತದ ಕ್ಯಾನ್ಸರಿಗೆ ಔಷಧದಿಂದ ತಡೆ ಹಾಕಬಹುದು ಎಂದು ಆಗಷ್ಟೇ ತೋರಿಸಿದ್ದವರು. ಆ ಔಷಧದ ಹೆಸರು ಅಮಿನಾಪ್ಟೆರಿನ್. ಅದನ್ನು ಸಿದ್ಧಪಡಿಸಿ ಕೊಟ್ಟ ಪ್ರಯೋಗಾಲಯದ ಮುಖ್ಯಸ್ಥರು ನಮ್ಮ ದೇಶದವರೇ, ಯೆಲ್ಲಾಪ್ರಗಡ ಸುಬ್ಬರಾವ್. ಹೆಸರು ಕೇಳಿದರೆ ಯಲ್ಲಾಪುರದ ಕಡೆಯವರೇ ಇರಬೇಕು ಅನ್ನಿಸುತ್ತದೆ. ಅಲ್ಲ, ಆಂಧ್ರದ ಭೀಮಾವರಂನವರು. 1948ರಲ್ಲಿ, ತಮ್ಮ ಔಷಧದ ಫಲ ಪೂರ್ತಿ ಕಾಣುವ ಮೊದಲೇ ತೀರಿಕೊಂಡರು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಔಷಧವನ್ನು ಇಂದಿಗೂ ಕೊಡುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಸುಬ್ಬರಾವ್ ಅವರಿಗೆ ಒಂದು ಪುಟವಾದರೂ ಸಿಗಬೇಕಿತ್ತು.

ಫಾರ್ಬರರಿಗೆ ಸಂಶೋಧನೆಗೆ ಹಣ ಬೇಕಿತ್ತು. 1948ರ ಮೇ ತಿಂಗಳಲ್ಲಿ ರೇಡಿಯೋದವರು ಆಸ್ಪತ್ರೆಯ ಹಾಸಿಗೆಯಿಂದಲೇ ಆ ಹುಡುಗನ ಮಾತನ್ನು ದೇಶಕ್ಕೆಲ್ಲ ಕೇಳಿಸಿದರು. ಗುರುತು ಮರೆಸಲು 'ಜಿಮ್ಮಿ' ಎಂದು ಹೆಸರಿಟ್ಟರು. ತನ್ನ ಮೆಚ್ಚಿನ ಬೇಸ್‌ಬಾಲ್ ತಂಡದ ಆಟ ನೋಡಲು ಅವನಿಗೊಂದು ಟಿ.ವಿ. ಬೇಕಿತ್ತು, ಅಷ್ಟೇ. ಜನ ಕಳಿಸಿದ ಹಣ ಎರಡು ಲಕ್ಷ ಡಾಲರನ್ನು ಮೀರಿತು. ಅದರಿಂದ ಹುಟ್ಟಿದ್ದು 'ಜಿಮ್ಮಿ ನಿಧಿ'.

ಆಮೇಲಿನದು ಇನ್ನೂ ಸ್ವಾರಸ್ಯ. ಜಿಮ್ಮಿ ಎಂದೋ ಸತ್ತುಹೋಗಿರಬೇಕೆಂದು ಎಲ್ಲರೂ ಭಾವಿಸಿದ್ದರು. ಆ ಕಾಲದಲ್ಲಿ ಹಾಗೆ ಭಾವಿಸುವುದೇ ಸಹಜವಾಗಿತ್ತು. 1997ರಲ್ಲಿ ಅವನ ಅಕ್ಕ-ತಂಗಿಯರಲ್ಲಿ ಒಬ್ಬಾಕೆ ನಿಧಿಯವರಿಗೆ ಕಾಗದ ಬರೆದಳು: ನನ್ನ ಸಹೋದರ ಬದುಕಿದ್ದಾನೆ ಎಂದು. ಜಿಮ್ಮಿ ದೊಡ್ಡವನಾಗಿ, ಲಾರಿ ಓಡಿಸುತ್ತ, ಹೆಂಡತಿ ಮಕ್ಕಳೊಂದಿಗೆ ಇದ್ದ! ಐವತ್ತು ವರ್ಷ ಸುಮ್ಮನಿದ್ದವನು 1998ರಲ್ಲಿ ಎಲ್ಲರ ಎದುರು ಬಂದು ನಿಂತ. 2001ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ, ಬೇರೆಯೇ ಕಾಯಿಲೆಯಿಂದ ತೀರಿಕೊಂಡ.

ಸೈಕಲ್ಲು ಬರುವುದು 1980ರಲ್ಲಿ. ಮಸಾಚುಸೆಟ್ಸ್ ರಾಜ್ಯದ ಬಿಲ್ಲಿ ಸ್ಟಾರ್ ಎಂಬ ಯುವಕನ ತಾಯಿ 1974ರಲ್ಲಿ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಆರು ವರ್ಷಗಳ ನಂತರ ಅವನು ಗೆಳೆಯರನ್ನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಸ್ಪ್ರಿಂಗ್‌ಫೀಲ್ಡಿನಿಂದ ಕಡಲ ಕೊನೆಯ ಪ್ರಾವಿನ್ಸ್‌ಟೌನಿಗೆ ಹೊರಟ. ಸುಮಾರು 350 ಕಿಲೋಮೀಟರು, ನಮ್ಮ ಶಿರಸಿಯಿಂದ ಬೆಂಗಳೂರಿಗಿಂತ ತುಸು ಕಡಿಮೆ. ಒಟ್ಟು 36 ಸವಾರರು, ಕೂಡಿದ ಹಣ 10,200 ಡಾಲರು. ಅದನ್ನು ಜಿಮ್ಮಿ ನಿಧಿಗೆ ಕೊಟ್ಟರು. 'ಪ್ಯಾನ್-ಮ್ಯಾಸ್ ಚಾಲೆಂಜ್' ಎಂಬ ಹೆಸರಿನ ಆ ಸವಾರಿ ಇಂದಿಗೂ ಆಗಸ್ಟಿನಲ್ಲಿ ನಡೆಯುತ್ತದೆ, ಸಾವಿರಾರು ಜನ ಸೇರುತ್ತಾರೆ. ಈವರೆಗೆ ಕೂಡಿದ ಮೊತ್ತ ನೂರು ಕೋಟಿ ಡಾಲರನ್ನು ದಾಟಿದೆ. 2007ರಿಂದ ಸವಾರರು ತಂದ ಹಣದ ಪ್ರತಿ ಪೈಸೆಯೂ ಆಸ್ಪತ್ರೆಗೇ ಹೋಗುತ್ತದೆ. ಊಟ, ನೀರು, ಡೇರೆಗಳ ಖರ್ಚನ್ನು ಬೇರೆ ದಾನಿಗಳು ಹೊರುತ್ತಾರೆ.

ಹಣ ಬರುವ ಬಗೆ ನಮಗೆ ಹೊಸದಲ್ಲ. ನಮ್ಮ ಹರಕೆಯಂತೆಯೇ. ಮಾರಿಕಾಂಬೆಯ ಜಾತ್ರೆಗೆ ಬರಿಗಾಲಲ್ಲಿ ನಡೆದು ಬರುತ್ತೇನೆಂದು ಹೆಂಗಸರು ಹೇಳಿಕೊಳ್ಳುವುದಿಲ್ಲವೇ, ಮಗುವಿನ ಜ್ವರ ಇಳಿಯಲೆಂದು? ಇಲ್ಲಿ ವ್ಯತ್ಯಾಸವೆಂದರೆ, ಹರಕೆ ಹೊತ್ತವನು ಸೈಕಲ್ ತುಳಿಯುತ್ತಾನೆ, ಅವನ ನೆಂಟರಿಷ್ಟರು ಕಾಣಿಕೆ ಹಾಕುತ್ತಾರೆ. ಇಷ್ಟು ಹಣ ತರುತ್ತೇನೆಂದು ಮಾತು ಕೊಟ್ಟು ತರಲಾರದೇ ಹೋದರೆ ಉಳಿದದ್ದನ್ನು ಸ್ವಂತ ಕಿಸೆಯಿಂದ ತುಂಬಬೇಕು. ಸುಮ್ಮನೆ ರಸೀದಿ ಪುಸ್ತಕ ಹಿಡಿದು ಬಂದವರಿಗೆ ಹತ್ತು ರೂಪಾಯಿ ಕೊಡಲು ಯೋಚಿಸುವ ಮನುಷ್ಯ, ಬೆವರು ಸುರಿಸಿಕೊಂಡು ಬಂದವನಿಗೆ ನೂರು ಕೊಡುತ್ತಾನೆ. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇದು.

ಅದೇ 1980ರಲ್ಲಿ ಕೆನಡಾದಲ್ಲಿ ಟೆರ್ರಿ ಫಾಕ್ಸ್ ಓಡಿದ. ಇವನದು ಸೈಕಲ್ಲಲ್ಲ, ಕಾಲು. ಅದೂ ಒಂದೇ. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಬಲಗಾಲನ್ನು ಮಂಡಿಯ ಮೇಲಿನಿಂದ ತೆಗೆದಿದ್ದರು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಮಕ್ಕಳ ನರಳಾಟವನ್ನು ಮರೆಯಲಾರದೆ, ಕೃತಕ ಕಾಲು ತೊಟ್ಟು ದೇಶದ ಪೂರ್ವ ಕರಾವಳಿಯಿಂದ ಏಪ್ರಿಲ್ 12ರಂದು ಹೊರಟ. ದಿನಕ್ಕೆ ಸುಮಾರು 42 ಕಿಲೋಮೀಟರಿನಂತೆ 143 ದಿನ, ಒಟ್ಟು 5,373 ಕಿಲೋಮೀಟರು. ಸೆಪ್ಟೆಂಬರ್ 1ರಂದು ನಿಲ್ಲಬೇಕಾಯಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಮರುವರ್ಷ ಜೂನ್ 28ರಂದು, ಇಪ್ಪತ್ಮೂರು ತುಂಬುವ ಮೊದಲೇ ತೀರಿಕೊಂಡ. ದೇಶದ ಪ್ರತಿಯೊಬ್ಬರಿಂದ ಒಂದು ಡಾಲರ್ ಬರಬೇಕೆಂಬುದು ಅವನ ಆಸೆಯಾಗಿತ್ತು. ಅವನು ಬದುಕಿರುವಾಗಲೇ ಅದು ಈಡೇರಿತು. ಈ 5,373 ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಇದೆಲ್ಲ ಪರದೇಶದ ಮಾತಾಯಿತು, ನಮ್ಮಲ್ಲಿ ಏನಿತ್ತು ಎಂದರೆ, ನಮ್ಮಲ್ಲಿ ಇನ್ನೂ ಮೊದಲೇ ಇತ್ತು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕು. 1927ರಲ್ಲಿ ಮದ್ರಾಸು ವಿಧಾನ ಪರಿಷತ್ತಿಗೆ ಹೋಗಿ ಬ್ರಿಟಿಷ್ ಭಾರತದ ಮೊದಲ ಮಹಿಳಾ ಶಾಸಕಿಯಾದವರು. ಅವರ ತಂಗಿ ಕ್ಯಾನ್ಸರಿನಿಂದ ಸತ್ತಳು. ಆ ಸಂಕಟವನ್ನು ಅವರು ದಶಕಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಮಹಿಳಾ ಸಂಘದ ಹೆಂಗಸರನ್ನು ಕೂಡಿಕೊಂಡು ಹಣ ಸೇರಿಸಿ, 1954ರಲ್ಲಿ ಅಡ್ಯಾರಿನಲ್ಲಿ ಹನ್ನೆರಡು ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆ ತೆರೆದರು. ಮರುವರ್ಷ ಅಲ್ಲಿಗೆ ಸೇರಿದ ಡಾಕ್ಟರ್ ವಿ. ಶಾಂತಾ ಅವರು 2021ರಲ್ಲಿ ಕಣ್ಣುಮುಚ್ಚುವ ತನಕ ಆ ಆಸ್ಪತ್ರೆಯನ್ನೇ ಮನೆ ಮಾಡಿಕೊಂಡಿದ್ದರು. ಮುಂಬಯಿಯ ಟಾಟಾ ಆಸ್ಪತ್ರೆಯ ಹಿಂದೆಯೂ ಇಂಥದೇ ಕಥೆ. 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಮೆಹರ್‌ಬಾಯಿ ಟಾಟಾ ಅವರ ಪತಿ ದೊರಾಬ್ಜಿ ಟಾಟಾ ಕಂಡ ಕನಸು ಅದು. ಆಸ್ಪತ್ರೆ ಬಾಗಿಲು ತೆರೆದದ್ದು 1941ರಲ್ಲಿ.

ಒಬ್ಬಳು ತಾಯಿ, ಒಬ್ಬಳು ತಂಗಿ, ಒಬ್ಬಳು ಹೆಂಡತಿ. ಮೂರು ಮನೆಗಳ ಮೂವರು ಹೆಂಗಸರ ಸಾವಿನಿಂದ ಮೂರು ದೊಡ್ಡ ಕೆಲಸಗಳು ಹುಟ್ಟಿದವು. ನಮ್ಮ ಊರುಗಳಲ್ಲಿಯೂ ಅಷ್ಟೇ ಹೆಂಗಸರು ಸತ್ತಿದ್ದಾರೆ. ಅವರ ಸಾವಿನಿಂದ ಏನೂ ಹುಟ್ಟಲಿಲ್ಲ, ಏಕೆಂದರೆ ಆ ಕಾಯಿಲೆಯ ಹೆಸರನ್ನೇ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಹುಣ್ಣಾಗಿತ್ತಂತೆ', 'ಗಡ್ಡೆಯಂತೆ', 'ಅದೇ ಆ ಕಾಯಿಲೆ'. ಮನೆಯಲ್ಲಿ ಮದುವೆಗೆ ಬಂದ ಹುಡುಗಿಯರಿದ್ದರಂತೂ ಮುಗಿದೇಹೋಯಿತು. ಎದೆಯ ಗಂಟನ್ನು ಗಂಡನಿಗೂ ಹೇಳದೆ ವರ್ಷ ಕಳೆದವರನ್ನು ನಾನು ಬಲ್ಲೆ. ಭಾರತದ ಹೆಂಗಸರಲ್ಲಿ ಇಂದು ಅತಿ ಹೆಚ್ಚು ಕಾಣುವುದು ಸ್ತನದ ಕ್ಯಾನ್ಸರು, ಎರಡನೆಯದು ಗರ್ಭಕಂಠದ್ದು. ಎರಡೂ ಬೇಗ ಗೊತ್ತಾದರೆ ಗುಣವಾಗುವಂಥವು. ಎರಡೂ ಹೆಂಗಸು ನಾಚಿಕೊಂಡು ಮುಚ್ಚಿಡುವ ಜಾಗದವು. ಆ ಸವಾರರು ಬೆನ್ನ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಆ ಹೆಸರನ್ನು ಬರೆದುಕೊಂಡು ಪೇಟೆಯ ನಡುವೆ ಹೋದದ್ದು ಅದಕ್ಕೇ ನನಗೆ ಸಣ್ಣ ಸಂಗತಿ ಅನ್ನಿಸಲಿಲ್ಲ.

ಅವರ ಕರಪತ್ರದಲ್ಲಿ ತಂಬಾಕು ಬಿಡಿ ಎಂದು ಬರೆದಿತ್ತು. ಅಡಿಕೆಯ ಸುದ್ದಿ ಇರಲಿಲ್ಲ. ಶಿರಸಿಯ ರಸ್ತೆಯಲ್ಲಿ ನಿಂತು ಅಡಿಕೆಗೆ ಎದುರು ಮಾತಾಡುವ ಧೈರ್ಯ ಯಾರಿಗಿದ್ದೀತು? ನನ್ನ ಓದು, ನನ್ನ ಮದುವೆ ಎಲ್ಲ ಆದದ್ದು ಅಡಿಕೆಯ ದುಡ್ಡಿನಲ್ಲಿ. ನಮ್ಮಲ್ಲಿ ಕವಳದ ತಬಕು ಮುಂದಿಡದೆ ನೆಂಟರ ಉಪಚಾರ ಮುಗಿಯುವುದಿಲ್ಲ. ಆದರೆ ಓದಿದ್ದನ್ನು ಬರೆಯದೆ ಬಿಡಲಾರೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ಕವಳ ಕ್ಯಾನ್ಸರ್ ತರುತ್ತದೆ ಎಂದಿತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ ಬರಿಯ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಬೆಳೆಗಾರರ ಸಂಘಗಳು ಇದನ್ನು ಒಪ್ಪುವುದಿಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ, ಮೂರು ತಾಲೂಕಿನ ಅನ್ನದ ಪ್ರಶ್ನೆ ಅದು. ಆದರೂ ಊಟವಾದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಕುಳಿತು, ಹೊಗೆಸೊಪ್ಪಿನ ಚೂರು ಸೇರಿಸಿ ಕವಳ ಹಾಕುವ ನಮ್ಮ ಹಿರಿಯ ಹೆಂಗಸರನ್ನು ನೆನೆದಾಗ, ಅವರ ದಿನದ ಏಕೈಕ ಬಿಡುವು ಅದೇ ಆಗಿತ್ತಲ್ಲ ಎಂದು ಹೊಟ್ಟೆ ಚುರುಕ್ಕೆನ್ನುತ್ತದೆ.

ನನ್ನ ಚಿಕ್ಕಮ್ಮನೂ ಅಂಥವಳೇ. ಶಿರಸಿ ತಾಲೂಕಿನ ಒಂದು ಹಳ್ಳಿಯವಳು. 1998ರಲ್ಲಿ ಅವಳ ಕೆನ್ನೆಯೊಳಗೆ ಮಾಯದ ಹುಣ್ಣೊಂದು ಕಾಣಿಸಿತು. "ಎಂಗೆ ಎಂತೂ ಆಜಿಲ್ಲೆ" ಎಂದು ತಿಂಗಳುಗಟ್ಟಲೆ ದೂಡಿದಳು. ಖಾರ ತಿನ್ನಲಾರದೆ ಮಜ್ಜಿಗೆ ಅನ್ನಕ್ಕೆ ಇಳಿದಾಗಲೇ ನಮಗೆ ತಿಳಿದದ್ದು. ನಮಗೆ ಹತ್ತಿರದ ದೊಡ್ಡ ಊರು ಹುಬ್ಬಳ್ಳಿ. ಕ್ಯಾನ್ಸರ್ ಎಂದರೆ ಅಲ್ಲಿನ ನವನಗರ ಎಂದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಸಿದ್ದಾಪುರದವರು ಕೆಲವರು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಗಿ, 1980ರಲ್ಲಿ ಸ್ವಾಯತ್ತವಾಯಿತು. ನೋಡಿ, ಮತ್ತೆ ಅದೇ 1980! ಆದರೆ ಅದು ನಮ್ಮಿಂದ ನಾನೂರು ಕಿಲೋಮೀಟರು.

ಚಿಕ್ಕಮ್ಮನಿಗೆ ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಚಿಕಿತ್ಸೆ, ಜನ ಹೇಳುವ 'ಕರೆಂಟು', ಕೊಡಬೇಕೆಂದರು. ಇದು ಒಂದು ದಿನದ ಕೆಲಸವಲ್ಲ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಐದಾರು ವಾರ. ಮಲಗಿ ಕೆಲವೇ ನಿಮಿಷ, ಎದ್ದರೆ ಆ ದಿನದ್ದು ಮುಗಿಯಿತು. ಆ ಕೆಲವು ನಿಮಿಷಕ್ಕಾಗಿ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರು, ಮರಳಿ ನೂರು. ಮನೆಯಲ್ಲಿ ಕರೆಯುವ ಎಮ್ಮೆ ಇದ್ದುದರಿಂದ ಚಿಕ್ಕಮ್ಮ ಮೊದಲ ಎಂಟು ದಿನ ದಿನವೂ ಓಡಾಡಿದಳು. ನಸುಕಿನ ಬಸ್ಸಿಗೆ ಹೋಗಿ ದೀಪ ಹಚ್ಚಿದ ಮೇಲೆ ಬರುವುದು. ಆಗಿನ ರಸ್ತೆಯಲ್ಲಿ ಆಗಿನ ಬಸ್ಸಿನಲ್ಲಿ ಸುಟ್ಟ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂರುತ್ತಿದ್ದಳು. ಆಮೇಲೆ ಕೈಲಾಗದೆ, ಹುಬ್ಬಳ್ಳಿಯಲ್ಲಿ ದೂರದ ನೆಂಟರ ಮನೆಯಲ್ಲಿ ಉಳಿಸಿದೆವು. ಗುಣವಾಯಿತು. ಮತ್ತೆ ಹದಿನಾಲ್ಕು ವರ್ಷ ಬದುಕಿದಳು, ಕವಳವಿಲ್ಲದೆ.

ಈ ಲೆಕ್ಕವನ್ನು ನಾನು ಹಲಗೆಯ ಮೇಲೆ ಮಾಡಿ ತೋರಿಸಿದ್ದೇನೆ. ದಿನಕ್ಕೆ ಇನ್ನೂರು ಕಿಲೋಮೀಟರಿನಂತೆ ಇಪ್ಪತ್ತೇಳು ದಿನ ಓಡಾಡಿದರೆ 5,400 ಕಿಲೋಮೀಟರು. ಟೆರ್ರಿ ಫಾಕ್ಸ್ ಕೆನಡಾದಲ್ಲಿ ಓಡಿದ್ದು 5,373. ಯಲ್ಲಾಪುರದವರಿಗೆ ದೂರ ತುಸು ಕಡಿಮೆ, ಎಪ್ಪತ್ತರ ಆಸುಪಾಸು. ಸಿದ್ದಾಪುರದವರು ಹುಬ್ಬಳ್ಳಿಗೆ ಹೋಗುವುದಾದರೆ ಶಿರಸಿಯ ಮೇಲೆ ಇನ್ನೂ ಮೂವತ್ತೇಳು ಎಂಟು ಸೇರಿಸಬೇಕು. ಇಷ್ಟು ದೂರ ಓಡಾಡಿದವರಿಗೆ ಯಾವ ಶಾಲೆಯ ಮಕ್ಕಳೂ ಗೇಟಿನಲ್ಲಿ ನಿಂತು ಕೈಬೀಸಿಲ್ಲ.

ನಡುವೆ ಸರಕಾರಗಳು ಏನೂ ಮಾಡಿಲ್ಲವೆಂದಲ್ಲ. ಕ್ಯಾನ್ಸರ್ ರೋಗಿಗಳಿಗೆ ರೈಲ್ವೆಯಲ್ಲಿ ದೊಡ್ಡ ರಿಯಾಯಿತಿ ಇದೆ. ಸ್ಲೀಪರಿನಲ್ಲಿ ರೋಗಿಗೆ ಪೂರ್ತಿ ಉಚಿತ, ಜೊತೆಗೆ ಹೋಗುವವರಿಗೆ ಮುಕ್ಕಾಲು ಭಾಗ ಮಾಫಿ. ಆದರೆ ನಮ್ಮ ಮೂರೂ ತಾಲೂಕು ಕೇಂದ್ರಗಳಿಗೆ ರೈಲೇ ಇಲ್ಲವಲ್ಲ! ಯಲ್ಲಾಪುರದ ಮೇಲೆ ಹಾಯಬೇಕಾದ ಹುಬ್ಬಳ್ಳಿ-ಅಂಕೋಲಾ ಮಾರ್ಗ 1990ರ ದಶಕದಿಂದ ಕಾಡು ಕಾನೂನುಗಳ ನಡುವೆ ಸಿಕ್ಕಿಕೊಂಡಿದೆ. ಕಾಡು ಉಳಿಯಲಿ ಎನ್ನುವವರಲ್ಲಿ ನಾನೂ ಒಬ್ಬಳು, ಆದರೆ ಚಿಕ್ಕಮ್ಮನ ಜೊತೆ ಆ ಬಸ್ಸಿನಲ್ಲಿ ಕುಳಿತವಳೂ ನಾನೇ. ಸಿದ್ದಾಪುರದವರಿಗೆ ಮಾತ್ರ ಪಕ್ಕದ ತಾಳಗುಪ್ಪದಿಂದ ಬೆಂಗಳೂರಿಗೆ ರೈಲಿದೆ. ಕಿದ್ವಾಯಿಗೆ ಹೋಗುವವರು ಈ ರಿಯಾಯಿತಿಯನ್ನು ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿ ಪಡೆಯಬೇಕು.

ನಿಜವಾಗಿ ನಮ್ಮ ಹೆಂಗಸರಿಗೆ ಆಸರೆಯಾದದ್ದು 2023ರ ಜೂನ್ 11ರಂದು ಬಂದ 'ಶಕ್ತಿ' ಯೋಜನೆ. ಅದರ ಬಗ್ಗೆ ಪೇಟೆಯಲ್ಲಿ ಎಷ್ಟೆಲ್ಲ ಹಾಸ್ಯ ಕೇಳಿದ್ದೇನೆ, ಹೆಂಗಸರು ಸುಮ್ಮನೆ ತಿರುಗುತ್ತಾರೆ ಎಂದು. ಸರಕಾರಿ ಬಸ್ಸಿನಲ್ಲಿ ಫೈಲು ಹಿಡಿದು, ತಲೆಗೆ ಸೆರಗು ಹೊದ್ದು, ಹುಬ್ಬಳ್ಳಿಗೆ ಹೋಗುವ ಹೆಂಗಸರ ಪಕ್ಕ ಒಂದು ದಿನ ಕುಳಿತರೆ ಆ ಹಾಸ್ಯ ನಿಲ್ಲುತ್ತದೆ. ಚೀಟಿಗೆ ದುಡ್ಡಿಲ್ಲವೆಂದು ನಡುವೆ ಕರೆಂಟು ಬಿಟ್ಟವರ ಕಥೆಗಳು ನಮ್ಮಲ್ಲಿದ್ದವು. ಈಗ ರೋಗಿಯೂ ಅವಳ ಜೊತೆಗಿನ ಅಕ್ಕನೋ ಮಗಳೋ ಚೀಟಿಯ ಚಿಂತೆಯಿಲ್ಲದೆ ಹೋಗಿಬರುತ್ತಾರೆ.

ದೂರ ಮಾತ್ರ ಹಾಗೆಯೇ ಇದೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಅಪಘಾತವಾಗಿ ನಾಲ್ವರು ಸತ್ತಾಗ ಅದು ಆಕ್ರೋಶವಾಯಿತು. ಆಸ್ಪತ್ರೆ ಬರಲಿ, ಬಂದರೂ ಅದಕ್ಕೆ ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಸೈಕಲ್ ಸವಾರರು ಕೂಡಿಸುವ ಹಣ ನವನಗರದ ಬಳಿ ನಮ್ಮ ಕಡೆಯವರಿಗೆ ನಾಲ್ಕು ಕೋಣೆ, ಒಂದು ಒಲೆ, ಒಂದು ಬಿಸಿನೀರಿನ ಹಂಡೆಗಾದರೂ ಆದರೆ ಅದೇ ದೊಡ್ಡದೆಂದು ನನಗನ್ನಿಸುತ್ತದೆ. ಔಷಧದ ಖರ್ಚಿಗೆ ಕಾರ್ಡುಗಳು ಬಂದಿವೆ. ಐದಾರು ವಾರ ಎಲ್ಲಿ ಮಲಗಬೇಕು ಎಂಬುದಕ್ಕೆ ಕಾರ್ಡಿಲ್ಲ.

ನಮ್ಮ ಓಣಿಯ ಏಳೆಂಟು ಹೆಂಗಸರು ಮೂರು ವರ್ಷದಿಂದ ತಿಂಗಳಿಗಿಷ್ಟು ಎಂದು ಒಂದು ಡಬ್ಬಿಗೆ ಹಾಕುತ್ತಿದ್ದೇವೆ. ದೊಡ್ಡ ಮೊತ್ತವೇನಲ್ಲ. ಮೊದಲ ಸಲ ಹಣ ಹಿಡಿದು ಹತ್ತಿರದ ಹಳ್ಳಿಯ ಒಬ್ಬಾಕೆಯ ಮನೆಗೆ ಹೋದಾಗ ಅವಳು ಲಕೋಟೆಯನ್ನು ಪಕ್ಕಕ್ಕಿಟ್ಟು, "ಅಕ್ಕೋರೇ, ಇದಿರ್ಲಿ. ನಾ ಹುಬ್ಬಳ್ಳೀಲಿ ಉಳದ್ರೆ ಇಲ್ಲಿ ಎಮ್ಮೆ ಕರಿಯೋರು ಯಾರು, ಮಕ್ಕಳ ಬುತ್ತಿ ಕಟ್ಟೋರು ಯಾರು, ಅದೊಂದು ಹೇಳಿ" ಎಂದಳು. ಆಮೇಲೆ ನಾವು ಸರದಿ ಹಾಕಿಕೊಂಡೆವು. ಬುತ್ತಿಯದು ಸುಲಭವಾಯಿತು. ಎಮ್ಮೆ ಕರೆಯಲು ಬರುವವರು ನಮ್ಮಲ್ಲಿ ಇಬ್ಬರೇ ಇದ್ದರು, ಅವರಲ್ಲಿ ಒಬ್ಬಳನ್ನು ಎಮ್ಮೆ ಹತ್ತಿರ ಸೇರಿಸಲಿಲ್ಲ.